‘ಮೊದಲು ಇಂಜಿನಿಯರಿಂಗ್ ಮುಗಿಸು’ ಎಂಬ ತೀರ್ಪು

ಪಿಯುಸಿ ಫಲಿತಾಂಶ ಬಂದು ಸಿಇಟಿ ರ‍್ಯಾಂಕಿನ ಲೆಕ್ಕಾಚಾರ ಶುರುವಾಗುವ ದಿನಗಳಲ್ಲಿ ಶಿರೂರಿನಿಂದ ಬ್ರಹ್ಮಾವರದವರೆಗಿನ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಪಂಚಾತಿಕೆ ನಡೆಯುತ್ತದೆ. ಮಗನೋ ಮಗಳೋ ಗೇಮ್ ಡೆವಲಪ್‌ಮೆಂಟ್ ಓದಬೇಕು ಅಂದಿರುತ್ತಾರೆ. ‘ಮೊಬೈಲ್ ಆಡೂಕೂ ಕಾಲೇಜಿಗ್ ಹೋಯ್ಕಾ?’ ಎಂದು ಹಿರಿಯರು ಕೇಳುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಭಾವನಿಗೆ ಫೋನ್ ಹೋಗುತ್ತದೆ. ಅವನು ಎರಡೂ ಕಡೆಗೆ ಸಮಾಧಾನವಾಗುವ ಹಾಗೆ ತೀರ್ಪು ಕೊಡುತ್ತಾನೆ: ಈಗ ಸುಮ್ಮನೆ ಕಂಪ್ಯೂಟರ್ ಸೈನ್ಸ್‌ಗೆ ಸೇರು, ಮೊದಲು ಇಂಜಿನಿಯರಿಂಗ್ ಮುಗಿಸು, ಆಮೇಲೆ ಬೇಕಾದರೆ ಗೇಮ್ ಮಾಡು.

ಹಿರಿಯರ ಸಿಟ್ಟಿಗೆ ಉತ್ತರ ಕೊಡುವುದು ಸುಲಭ. ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುವುದು ಭಾವನ ಈ ವಿವೇಕ. ಇದರಲ್ಲಿ ಮಗುವಿನ ಆಸೆಗೆ ಬಾಗಿಲು ತೆರೆದಿಟ್ಟ ಹಾಗೆ ಕಾಣುತ್ತದೆ, ಮನೆಯವರ ಭಯಕ್ಕೂ ಮದ್ದು ಸಿಕ್ಕ ಹಾಗಿರುತ್ತದೆ. ಹಾಗಾಗಿ ಯಾರೂ ಇದನ್ನು ಪ್ರಶ್ನಿಸುವುದಿಲ್ಲ. ಆದರೆ ಈ ತೀರ್ಪಿನ ಬುಡದಲ್ಲಿ ಒಂದು ತಪ್ಪು ತಿಳಿವಳಿಕೆ ಕೂತಿದೆ: ಆಟ ಕಟ್ಟುವುದು ಪ್ರೋಗ್ರಾಮಿಂಗ್ ಬಲ್ಲವನು ಬಿಡುವಿನಲ್ಲಿ ಮಾಡಿಕೊಳ್ಳಬಹುದಾದ ಕೆಲಸ, ಅದಕ್ಕೆ ತನ್ನದೇ ಆದ ವಿದ್ಯೆ ಇಲ್ಲ ಎಂದು. ಇದು ಸುಳ್ಳು. ಈ ಸುಳ್ಳಿನಿಂದ ಬೈಂದೂರು, ಕುಂದಾಪುರ, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕುಗಳ ಮಕ್ಕಳಿಗೆ ನಷ್ಟವಾಗುತ್ತಿದೆ.

ಆ ವಿದ್ಯೆ ಹೇಗಿರುತ್ತದೆ ನೋಡೋಣ. ಪರದೆಯ ಮೇಲೆ ಒಬ್ಬ ಕಾವಲುಗಾರ ನಿಂತಿದ್ದಾನೆ. ಆಟಗಾರ ಬೆನ್ನ ಹಿಂದೆ ಸುಳಿದರೆ ಅವನಿಗೆ ಗೊತ್ತಾಗಬಾರದು, ಎದುರಿಗೆ ಬಂದರೆ ಕಾಣಬೇಕು. ಕಾವಲುಗಾರ ನೋಡುವ ದಿಕ್ಕು ಒಂದು ವೆಕ್ಟರ್. ಅವನಿಂದ ಆಟಗಾರನೆಡೆಗೆ ಎಳೆದ ಗೆರೆ ಇನ್ನೊಂದು. ಎರಡರ ಡಾಟ್ ಪ್ರಾಡಕ್ಟ್ ಧನ ಬಂದರೆ ಆಟಗಾರ ಮುಂದಿದ್ದಾನೆ, ಋಣ ಬಂದರೆ ಹಿಂದಿದ್ದಾನೆ. ದ್ವಿತೀಯ ಪಿಯುಸಿಯ ವೆಕ್ಟರ್ ಅಧ್ಯಾಯವನ್ನು ಸಿಇಟಿಯ ಅಂಕಕ್ಕಾಗಿ ಬಾಯಿಪಾಠ ಮಾಡಿ, ಇದು ಯಾತಕ್ಕೆ ಬರುತ್ತದೆ ಎಂದು ಒಮ್ಮೆಯೂ ಕೇಳಿಸಿಕೊಳ್ಳದೆ ಮರೆತುಬಿಡುವ ಹುಡುಗರು ನಮ್ಮಲ್ಲಿ ಸಾವಿರಾರು. ಆಟ ಕಟ್ಟುವವನಿಗೆ ಅದು ದಿನ ಬೆಳಗಾದರೆ ಬೇಕು. ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರ ಮೂಡಬೇಕು, ಅಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಬೆರಳು ಒತ್ತಿದ್ದನ್ನು ಓದಬೇಕು, ಕಾವಲುಗಾರರಿಗೆಲ್ಲ ದೃಷ್ಟಿ ಲೆಕ್ಕ ಹಾಕಬೇಕು, ಯಾವುದು ಯಾವುದಕ್ಕೆ ತಾಗಿತು ನೋಡಬೇಕು, ಬೆಳಕು ನೆರಳು ಬಿಡಿಸಬೇಕು, ಸದ್ದು ಕೂಡಿಸಬೇಕು. ಒಂದು ಚಿತ್ರ ತಡವಾದರೂ ಆಡುವವನ ಕೈಗೆ ತಿಳಿಯುತ್ತದೆ.

ಇಷ್ಟು ಪ್ರೋಗ್ರಾಮಿಂಗ್ ಆಯಿತು. ಇದನ್ನು ಇಂಜಿನಿಯರಿಂಗ್ ಕಾಲೇಜಿನಲ್ಲೂ ಕಲಿಯಬಹುದಲ್ಲ ಎಂದು ಭಾವ ಕೇಳಬಹುದು. ಹಾಗಾದರೆ ಇನ್ನೊಂದು ನೋಡಿ. ಓಡುತ್ತ ಬಂದ ಪಾತ್ರ ಬಂಡೆಯ ಅಂಚಿನಿಂದ ಹಾರಬೇಕು. ಆಡುವವನ ಬೆರಳು ಕೂದಲೆಳೆಯಷ್ಟು ತಡವಾಗುತ್ತದೆ. ಪಾತ್ರದ ಕಾಲು ಆಗಲೇ ಅಂಚು ದಾಟಿದೆ. ಭೌತಶಾಸ್ತ್ರದ ಪ್ರಕಾರ ಅದು ಬೀಳಬೇಕು. ಬಿದ್ದರೆ ಆಡುವವನಿಗೆ ಅನ್ಯಾಯವೆನಿಸುತ್ತದೆ, ಏಕೆಂದರೆ ತಾನು ಸರಿಯಾದ ಹೊತ್ತಿಗೇ ಒತ್ತಿದೆ ಎಂದು ಅವನ ಮನಸ್ಸು ನಂಬಿರುತ್ತದೆ. ಅದಕ್ಕಾಗಿ ಒಳ್ಳೆಯ ಆಟಗಳಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಕಾಲ, ಕಾಲಡಿ ನೆಲವಿಲ್ಲದಿದ್ದರೂ ಹಾರಲು ಬಿಡುತ್ತಾರೆ. ಈ ಕಸುಬಿನವರು ಇದನ್ನು ‘ಕಯೋಟಿ ಟೈಮ್’ ಅನ್ನುತ್ತಾರೆ. ಎಷ್ಟು ಕ್ಷಮಿಸಿದರೆ ಆಟ ಹಿತ, ಎಷ್ಟು ಮೀರಿದರೆ ಸಪ್ಪೆ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ. ಹತ್ತಾರು ಜನರ ಕೈಗೆ ಆಟ ಕೊಟ್ಟು, ಅವರ ಮುಖ ನೋಡಿ, ತಿದ್ದಿ, ಮತ್ತೆ ಕೊಟ್ಟು ಕಲಿಯಬೇಕು. ಕಂಪ್ಯೂಟರ್ ಸೈನ್ಸಿನ ನಾಲ್ಕು ವರ್ಷದ ಪಠ್ಯದಲ್ಲಿ ಇದಕ್ಕೆ ಎಲ್ಲಿ ಜಾಗವಿದೆ?

ಪಾತ್ರಗಳ ಚಲನೆಗೆ ಬನ್ನಿ. ಮೂರು ಆಯಾಮದಲ್ಲಿ ಒಂದು ದೇಹವನ್ನು ರೂಪಿಸಿದ ಮೇಲೆ ಅದರೊಳಗೆ ಎಲುಬಿನ ಹಂದರ ಕೂರಿಸಬೇಕು. ಮೊಣಕೈ ಮಡಚಿದರೆ ತೋಳು ಎಷ್ಟು ಎಳೆಯಬೇಕು, ಸೊಂಟ ತಿರುಗಿದರೆ ತಲೆ ಎಷ್ಟು ಹಿಂದುಳಿಯಬೇಕು ಎಂದು ಕಟ್ಟಬೇಕು. ಇದು ರಿಗ್ಗಿಂಗ್. ಕುಂದಾಪುರದ ಮಗ್ಗುಲಲ್ಲೇ, ಹೊಳೆಯಾಚೆಯ ಉಪ್ಪಿನಕುದ್ರಿನಲ್ಲಿ ಕೊಗ್ಗ ಕಾಮತರ ಮನೆತನ ತಲೆತಲಾಂತರದಿಂದ ಯಕ್ಷಗಾನ ಬೊಂಬೆಗಳ ಕೈಗೆ, ತಲೆಗೆ, ಮೊಣಕಾಲಿಗೆ ಸೂತ್ರ ಕಟ್ಟುತ್ತ ಬಿಡಿಸುತ್ತ ಬಂದ ಸಮಸ್ಯೆ ಇದೇ: ಕೈಬೆರಳೆಣಿಕೆಯ ಸೂತ್ರಗಳಿಂದ ಮರದ ದೇಹದಲ್ಲಿ ಕೌರವನ ಗತ್ತನ್ನು ಹೊರಡಿಸುವುದು ಹೇಗೆ. ಆ ಮನೆಯ ಅಂಗಳದಲ್ಲಿ ಒಂದು ವಾರ ಕೂತ ಅನಿಮೇಷನ್ ವಿದ್ಯಾರ್ಥಿಗೆ ಸಿಗುವ ಪಾಠ ಪರದೇಶದ ವಿಡಿಯೊಗಳಲ್ಲಿ ಸಿಗದು. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಬರುತ್ತಿದ್ದ ಚೆನ್ನೆಮಣೆಯೂ ಹಾಗೆಯೇ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ. ದಾಳವಿಲ್ಲ, ಅದೃಷ್ಟವಿಲ್ಲ, ಬಚ್ಚಿಟ್ಟ ಎಲೆಯಿಲ್ಲ. ಎಲ್ಲವೂ ಕಣ್ಣೆದುರೇ ಇದ್ದರೂ ನಾಲ್ಕು ನಡೆ ಮುಂದೆ ಏನಾಗುತ್ತದೆಂದು ಹೇಳಲಾಗದು. ಇಷ್ಟು ಕಡಿಮೆ ನಿಯಮದಿಂದ ಇಷ್ಟು ಆಳ ಹೇಗೆ ಹುಟ್ಟಿತು ಎಂಬುದು ಗೇಮ್ ಡಿಸೈನಿನ ಮೊದಲ ಸೆಮಿಸ್ಟರಿನ ಪ್ರಶ್ನೆ.

ಚೆಂಡೆ ಬಾರಿಸಲು ಬಂದರೆ ಸಾಕು, ಪ್ರಸಂಗ ಆಮೇಲೆ ತಾನಾಗಿಯೇ ಬರುತ್ತದೆ ಎಂದು ಮಂದಾರ್ತಿಯಲ್ಲೋ ಮಾರಣಕಟ್ಟೆಯಲ್ಲೋ ಯಾರಾದರೂ ಹೇಳಿದರೆ ಮೇಳದವರು ಒಪ್ಪುತ್ತಾರೆಯೇ? ಗೇಮ್ ವಿಷಯದಲ್ಲಿ ನಾವು ಹೇಳುತ್ತಿರುವುದು ಇದನ್ನೇ. ಪ್ರೋಗ್ರಾಮಿಂಗ್ ಅದರ ಒಂದು ಅಂಗ. ಚಿತ್ರ, ಚಲನೆ, ಸಂಗೀತ, ಕಥನ, ಮನಶ್ಶಾಸ್ತ್ರ, ತಂಡ ನಡೆಸುವುದು ಉಳಿದ ಅಂಗಗಳು. ಇವೆಲ್ಲ ಒಂದೇ ಕೋಣೆಯಲ್ಲಿ ಸೇರಿ ಕಲಿತಾಗ ಮಾತ್ರ ಆಟ ಏಳುತ್ತದೆ.

‘ಮೊದಲು ಇಂಜಿನಿಯರಿಂಗ್’ ಎಂಬ ಬಾಗಿಲಲ್ಲಿ ಯಾರು ಹೊರಗುಳಿಯುತ್ತಾರೆ ಎಂಬುದನ್ನೂ ನೋಡಬೇಕು. ಚಿತ್ರ ಬರೆಯುವ ಕೈಯಿದ್ದು ಗಣಿತದಲ್ಲಿ ಹಿಂದಿರುವ ಹುಡುಗಿ, ಕಲಾ ವಿಭಾಗದಲ್ಲಿ ಓದುತ್ತ ಪ್ರಸಂಗ ಬರೆಯುವ ಹುಡುಗ, ಮದ್ದಳೆ ಕಲಿತು ಸದ್ದಿನ ಕಿವಿ ಹೊಂದಿರುವವರು, ಇವರಿಗೆ ಸಿಇಟಿಯ ದಾರಿಯೇ ಇಲ್ಲ. ಒಳಗೆ ಹೋದವರ ಕಥೆಯೂ ಬೇರೆ ಅಲ್ಲ. ನಾಲ್ಕು ವರ್ಷದ ಕೊನೆಗೆ ಶಿಕ್ಷಣ ಸಾಲದ ಕಂತು ಎದುರಿಗೆ ನಿಂತಿರುತ್ತದೆ, ಕ್ಯಾಂಪಸ್ಸಿಗೆ ಬಂದ ಕಂಪನಿ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ತಿದ್ದುವ ಕೆಲಸ ಕೊಡುತ್ತದೆ, ತಂಗಿಯ ಮದುವೆ ಬರುತ್ತದೆ. ‘ಆಮೇಲೆ’ ಎಂದು ಮುಂದೆ ಹಾಕಿದ್ದು ಬರುವುದೇ ಇಲ್ಲ. ತೀರ್ಪು ಕೊಟ್ಟ ಭಾವನಿಗೂ ಇದು ಗೊತ್ತಿರುತ್ತದೆ, ಅವನೂ ಏನನ್ನೋ ಹಾಗೆ ಮುಂದೆ ಹಾಕಿ ಬಂದವನೇ.

ಇದೆಲ್ಲ ಅಮೆರಿಕ ಜಪಾನಿನ ಮಾತು, ನಮ್ಮ ಊರಿಗೆ ಹೊಂದುವುದಿಲ್ಲ ಎನ್ನುವವರು ಕುಂದಾಪುರದಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಸಂತೆಕಟ್ಟೆ ದಾಟುವಾಗ ಹೊರಗೆ ನೋಡಲಿ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಕಟ್ಟಿದ ರೋಬೋಸಾಫ್ಟ್ ಈ ಹೆದ್ದಾರಿಯ ಬದಿಯಲ್ಲೇ ಬೆಳೆದದ್ದು. ಅದರ ಒಡಲಿನಿಂದ ಬಂದ 99 ಗೇಮ್ಸ್, 2013ರಲ್ಲಿ ‘ಧೂಮ್ 3’ ಚಿತ್ರದ ಜತೆಗೆ ಬಂದ ಆಟವನ್ನು ಮಾಡಿತು. 2014ರಲ್ಲಿ ‘ಸ್ಟಾರ್ ಶೆಫ್’ ಎಂಬ ಅಡುಗೆಮನೆಯ ಆಟವನ್ನು ಹೊರತಂದಿತು. ಹೋಟೆಲಿಗಾಗಿ ದೇಶವೆಲ್ಲ ಹೆಸರಾದ ಉಡುಪಿಯಲ್ಲಿ ಕೂತು ಮಾಡಿದ ಅಡುಗೆ ಆಟವನ್ನು ಬೇರೆ ಬೇರೆ ದೇಶಗಳ ಜನ ಆಡಿದರು. ಬ್ರಹ್ಮಾವರದಿಂದ ದಿನಾ ಹೋಗಿ ಬರುವಷ್ಟು ಹತ್ತಿರದಲ್ಲಿ ಜಗತ್ತಿಗೆ ಆಟ ತಯಾರಾಗುತ್ತಿದ್ದಾಗಲೂ ಇಲ್ಲಿಯ ಮನೆಗಳಲ್ಲಿ ‘ಅದೊಂದು ಓದಾ’ ಎಂಬ ಪ್ರಶ್ನೆ ಬದಲಾಗಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಸರ್ಕಾರವೂ ಈ ಮನೆಗಳಿಗಿಂತ ಮೊದಲೇ ಎಚ್ಚೆತ್ತಿತ್ತು. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದು ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಅದರ ಮೂರನೆಯ ಆವೃತ್ತಿ 2024ರಿಂದ 2029ರವರೆಗಿನದು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನಿಗೆ ಸ್ನಾತಕೋತ್ತರ ಕೋರ್ಸೇ ಇದೆ. ನೀತಿಯ ಫಲ ಬೆಂಗಳೂರು ಬಿಟ್ಟು ಕರಾವಳಿಯ ತಾಲೂಕಿನ ಕಾಲೇಜಿಗೆ ಇಳಿಯದೇ ಇರುವುದು ಸರ್ಕಾರದ ತಪ್ಪು. ಕೇಳದೇ ಇರುವುದು ನಮ್ಮ ತಪ್ಪು.

ಹಿರಿಯರ ಭಯದಲ್ಲಿ ಒಂದು ನ್ಯಾಯವಾದ ಭಾಗವಿದೆ, ಅದನ್ನು ಬದಿಗೆ ಸರಿಸುವ ಹಾಗಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಮನೆ ಕಳೆದುಕೊಂಡವರ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ರಾತ್ರಿಯಿಡೀ ಗುಂಡು ಹಾರಿಸುತ್ತ ಕೂತ ಮಗನ ಕೆಂಪು ಕಣ್ಣನ್ನು ತಾಯಿ ನೋಡಿದ್ದಾಳೆ. ಆದರೆ ಜೂಜು ಬೇರೆ, ಆಟ ಬೇರೆ ಎಂದು ಕಾನೂನೇ ಈಗ ಗೆರೆ ಎಳೆದಿದೆ. ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಇ–ಸ್ಪೋರ್ಟ್ಸ್‌ಗೆ, ಶೈಕ್ಷಣಿಕ ಮತ್ತು ಸಾಮಾಜಿಕ ಆಟಗಳಿಗೆ ಉತ್ತೇಜನ ಕೊಡಬೇಕೆಂದೂ ಹೇಳಿತು. ಇನ್ನು ಚಟದ ಮಾತು. ಚಟ ಹಿಡಿಸುವ ಹಾಗೆ ಆಟ ಕಟ್ಟುವ ಉಪಾಯಗಳು ಯಾವುವು, ಯಾವ ಬಹುಮಾನವನ್ನು ಎಷ್ಟು ಹೊತ್ತಿಗೊಮ್ಮೆ ಕೊಟ್ಟರೆ ಬೆರಳು ಪರದೆ ಬಿಡುವುದಿಲ್ಲ ಎಂಬುದನ್ನು ತಿಳಿದವರು ಬೇಕು. ತಿಳಿದು, ಹಾಗೆ ಮಾಡುವುದಿಲ್ಲ ಎನ್ನುವವರು ಬೇಕು. ಅಂಥವರನ್ನು ತಯಾರು ಮಾಡುವ ಜಾಗ ವಿಶ್ವವಿದ್ಯಾನಿಲಯವೇ. ಮಾರುಕಟ್ಟೆಗೆ ಆ ಪಾಠ ಹೇಳುವ ಅಗತ್ಯ ಯಾವತ್ತೂ ಬರುವುದಿಲ್ಲ.

ಸಣ್ಣ ಊರಿಗೆ ಇದು ಆಗಿಬರುವುದಿಲ್ಲ ಎಂಬ ವಾದವೊಂದಿದೆ. ಸ್ಕಾಟ್ಲೆಂಡಿನ ಡಂಡೀ ನೋಡಿ. ಬಂಗಾಳದ ಸೆಣಬು ತರಿಸಿ ನೇಯ್ದು ಬದುಕಿದ್ದ, ಟೇ ನದಿ ಕಡಲು ಸೇರುವಲ್ಲಿನ ಊರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಟೈಮೆಕ್ಸ್ ಕಾರ್ಖಾನೆಯಲ್ಲಿ ಸಿಂಕ್ಲೇರ್ ಕಂಪ್ಯೂಟರುಗಳು ತಯಾರಾಗುತ್ತಿದ್ದವು, 1993ರಲ್ಲಿ ಅದೂ ಮುಚ್ಚಿತು. ಆ ಟೈಮೆಕ್ಸಿನಲ್ಲಿ ದುಡಿದಿದ್ದ ಡೇವಿಡ್ ಜೋನ್ಸ್ ಗೆಳೆಯರೊಡನೆ ಕಟ್ಟಿದ ಡಿಎಂಎ ಡಿಸೈನ್ 1991ರಲ್ಲಿ ‘ಲೆಮ್ಮಿಂಗ್ಸ್’, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಹೊರತಂದಿತು. ಅದೇ 1997ರಲ್ಲಿ ಊರಿನ ಅಬರ್ಟೇ ವಿಶ್ವವಿದ್ಯಾನಿಲಯ ಕಂಪ್ಯೂಟರ್ ಗೇಮ್ಸ್ ಪದವಿ ತೆರೆಯಿತು, ಜಗತ್ತಿನಲ್ಲೇ ಮೊದಲಿಗರ ಸಾಲಿನಲ್ಲಿ. ಲಂಡನ್ನಿಗೆ ಹೋಗಿ ಕಲಿತು ಬನ್ನಿ ಎಂದು ಆ ಊರು ತನ್ನ ಮಕ್ಕಳಿಗೆ ಹೇಳಲಿಲ್ಲ. ಹೆಂಚಿನ ಕಾರ್ಖಾನೆಗಳ ಚಿಮಣಿ ತಣ್ಣಗಾಗಿರುವ, ದುಡಿಯುವ ಮಕ್ಕಳನ್ನು ಮುಂಬೈಗೂ ಬೆಂಗಳೂರಿಗೂ ಗಲ್ಫಿಗೂ ಕಳಿಸಿ ಬದುಕುವ ನಮ್ಮ ಕರಾವಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಸ್ವೀಡನ್ನಿನ ಷೊವ್ಡೆ ಇನ್ನೂ ಚಿಕ್ಕದು, ಹತ್ತಾರು ಸಾವಿರ ಜನರಷ್ಟೇ ಇರುವ ಊರು. ಅಲ್ಲಿಯ ವಿಶ್ವವಿದ್ಯಾನಿಲಯ ಈ ಶತಮಾನದ ಆರಂಭದಲ್ಲೇ ಗೇಮ್ ಶಿಕ್ಷಣ ಶುರುಮಾಡಿತು. 2021ರಲ್ಲಿ ಆ ಊರಿನ ಐದಾರು ಜನರ ತಂಡವೊಂದು ಬಿಡುಗಡೆ ಮಾಡಿದ ‘ವಾಲ್‌ಹೈಮ್’ ಸುಮಾರು ಒಂದು ತಿಂಗಳಲ್ಲಿ 50 ಲಕ್ಷ ಪ್ರತಿ ಮಾರಾಟವಾಯಿತು.

ಯೂಟ್ಯೂಬಿನಲ್ಲಿ ಎಲ್ಲ ಇದೆ, ಕಾಲೇಜು ಯಾಕೆ ಎನ್ನುವುದು ಇತ್ತೀಚಿನ ವಾದ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಯಕ್ಷಗಾನವನ್ನು ಮೇಳದಲ್ಲಿ ತಿರುಗುತ್ತ ಕಲಿಯುವುದೇ ಪದ್ಧತಿಯಾಗಿದ್ದ ಕಾಲದಲ್ಲಿ, 1971ರಲ್ಲಿ, ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಕು.ಶಿ. ಹರಿದಾಸ ಭಟ್ಟರು ಅದನ್ನು ಕಟ್ಟಿದರು, ಕೋಟದ ಶಿವರಾಮ ಕಾರಂತರು ಅಲ್ಲಿ ಪ್ರಯೋಗ ನಡೆಸಿದರು. ಗುರು, ಪಠ್ಯ, ದಿನಚರಿ, ಜತೆಗೆ ಕಲಿಯುವವರ ಸಾಲು, ತಪ್ಪನ್ನು ಅಲ್ಲೇ ಹಿಡಿದು ತಿದ್ದುವ ಕಣ್ಣು: ಇವು ಶಾಲೆ ಕೊಡುವಂಥವು. ಕಾರಂತರು ಯೌವನದಲ್ಲಿ ಮೂಕಿ ಸಿನಿಮಾವನ್ನೂ ಕೈಯಾರೆ ಮಾಡಿ ನೋಡಿದವರು. ಹೊಸ ಮಾಧ್ಯಮ ಬಂದಾಗ ಮೂಗು ಮುರಿಯುವ ಅಭ್ಯಾಸ ಅವರಿಗಿರಲಿಲ್ಲ. ಆಟದ ಲೋಕದಲ್ಲೂ ಶಾಲೆಯ ಫಲ ಕಂಡಿದೆ. ಅಮೆರಿಕದ ಡಿಜಿಪೆನ್ ಎಂಬ ಗೇಮ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ತಮ್ಮ ಪ್ರಾಜೆಕ್ಟಿಗಾಗಿ ಮಾಡಿದ ‘ನಾರ್ಬ್ಯಾಕ್ಯುಲರ್ ಡ್ರಾಪ್’ ಅನ್ನು ನೋಡಿದ ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. ಆ ಆಟದ ಕಲ್ಪನೆಯೇ 2007ರಲ್ಲಿ ‘ಪೋರ್ಟಲ್’ ಆಗಿ ಬಂತು.

ಕುಂದಾಪುರದವರಿಗೆ ಇಷ್ಟು ದೂರದ ಸಾಕ್ಷಿಯೂ ಬೇಕಾಗಿಲ್ಲ. ಕೆರಾಡಿಯ ರಿಷಬ್ ಶೆಟ್ಟಿ ಬೆಂಗಳೂರಿನ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ನಿರ್ದೇಶನ ಓದಿದವರು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಆ ಓದನ್ನು ಇಲ್ಲಿ ಯಾರೂ ಹಳಿಯಲಿಲ್ಲ. ನಮ್ಮವ ಎಂದು ಎದೆ ತಟ್ಟಿಕೊಂಡರು. ಬಸ್ರೂರಿನ ರವಿ ಬಸ್ರೂರರ ಸಂಗೀತಕ್ಕೂ ಅದೇ ಹೆಮ್ಮೆ. ಗೆದ್ದವರ ಓದನ್ನು ಗೆದ್ದ ಮೇಲೆ ಒಪ್ಪುವುದಕ್ಕೆ ಧೈರ್ಯ ಬೇಕಿಲ್ಲ. ಹದಿನೆಂಟು ವರ್ಷದ ಮಗು ಗೆಲ್ಲುವ ಮೊದಲು ಕೇಳಿದಾಗ ಒಪ್ಪುವುದಕ್ಕೆ ಬೇಕು.

ವಿಶ್ವವಿದ್ಯಾನಿಲಯವೇ ಮಾಡಬೇಕಾದ ಕೆಲಸ ಇನ್ನೊಂದಿದೆ, ಅದನ್ನು ಯಾವ ಕಂಪನಿಯೂ ನಮಗಾಗಿ ಮಾಡಿಕೊಡದು. ಯೂನಿಟಿ ಎಂಬ ಪ್ರಸಿದ್ಧ ಗೇಮ್ ಎಂಜಿನ್ನಿನಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊಗೆ ‘ಅಮ್ಮ’ ಎಂದು ಕೊಟ್ಟು ನೋಡಿ. ಒತ್ತು ಕೆಳಗಿಳಿಯುವುದಿಲ್ಲ, ಎರಡು ಮಕಾರಗಳು ಅಕ್ಕಪಕ್ಕ ನಿಂತು ನಡುವೆ ಅರ್ಧಾಕ್ಷರದ ಗುರುತು ನೇತಾಡುತ್ತದೆ. ಅಕ್ಷರಗಳನ್ನು ಒಂದರ ಪಕ್ಕ ಒಂದಿಡಲು ಮಾತ್ರ ಅದು ಬಲ್ಲದು, ಕನ್ನಡದ ಹಾಗೆ ಮೇಲೆ ಕೆಳಗೆ ಕೂಡಿಸಲು ಅದಕ್ಕೆ ಬಾರದು. ಅರ್ಜೆಂಟೀನಾದವರು ಶುರುಮಾಡಿ 2014ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ ಗೊಡೊ ಎಂಜಿನ್ 2023ರ ನಾಲ್ಕನೆಯ ಆವೃತ್ತಿಯಲ್ಲಿ ಇದಕ್ಕೆ ಪರಿಹಾರ ಕೊಟ್ಟಿದೆ, ಅದೂ ಪುಕ್ಕಟೆ. ಆದರೂ ಪರದೆಗೆ ಒಪ್ಪುವ ಕನ್ನಡ ಫಾಂಟು, ಕುಂದಾಪುರ ಕನ್ನಡದಲ್ಲಿ ಮಾತಾಡುವ ಪಾತ್ರಕ್ಕೆ ತುಟಿ ಹೊಂದಿಸುವುದು, ಬಡಗುತಿಟ್ಟಿನ ಹೆಜ್ಜೆಯನ್ನು ಮೋಷನ್ ಕ್ಯಾಪ್ಚರಿನಲ್ಲಿ ಹಿಡಿದಿಡುವುದು, ಇವಕ್ಕೆಲ್ಲ ವರ್ಷಗಳ ಅಧ್ಯಯನ ಬೇಕು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರ ‘ರಾಜಿ’ ಆಟದಲ್ಲಿ ಪುರಾಣದ ಕಥೆಗಳನ್ನು ತೊಗಲುಗೊಂಬೆಯ ರೀತಿಯಲ್ಲಿ ಹೇಳಿತು. ನಮ್ಮ ಬೊಂಬೆ, ನಮ್ಮ ವೇಷ, ನಮ್ಮ ಪದ ಹಾಗೆ ಪರದೆಗೆ ಬರಬೇಕಾದರೆ ಅದನ್ನು ಬಲ್ಲ ಮಕ್ಕಳ ಕೈಗೆ ಉಪಕರಣ ಕೊಡಬೇಕು.

ಕೆಲಸದ ಭದ್ರತೆಯ ಮಾತನ್ನು ನೇರವಾಗಿ ಹೇಳುತ್ತೇನೆ. ಜಗತ್ತಿನ ಗೇಮ್ ಕಂಪನಿಗಳು 2023, 2024ರಲ್ಲಿ ಸಾವಿರಾರು ಜನರನ್ನು ಮನೆಗೆ ಕಳಿಸಿದವು. ಅದೇ ವರ್ಷಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳೂ ಕಳಿಸಿದವು; ಕಂಪ್ಯೂಟರ್ ಸೈನ್ಸಿನ ಪದವಿ ಯಾರಿಗೂ ಕವಚವಾಗಲಿಲ್ಲ. ಗೇಮಿಗಾಗಿ ಕಲಿತ ವಿದ್ಯೆ ಸಿನಿಮಾದ ದೃಶ್ಯಕ್ಕೆ, ವೈದ್ಯರ ತರಬೇತಿಗೆ, ವಾಹನ ಚಾಲನೆಯ ಸಿಮ್ಯುಲೇಟರಿಗೆ ಬೇಕಾಗುತ್ತದೆ. ಗೇಮ್ ಡಿಸೈನ್ ಹೆಸರಿನಲ್ಲಿ ಲಕ್ಷಗಟ್ಟಲೆ ವಸೂಲಿ ಮಾಡಿ ಸಾಫ್ಟ್‌ವೇರಿನ ಗುಂಡಿ ಒತ್ತುವುದನ್ನಷ್ಟೇ ಕಲಿಸುವ ಅಂಗಡಿಗಳು ನಗರಗಳಲ್ಲಿ ಇವೆ, ಅವುಗಳಿಂದ ಮಕ್ಕಳನ್ನು ಕಾಪಾಡಬೇಕು. ಸೇರುವ ಮೊದಲು ಕೇಳಿ: ಪಾಠ ಮಾಡುವವರು ಮಾಡಿ ಬಿಡುಗಡೆಗೊಳಿಸಿದ ಆಟ ಯಾವುದು? ವಿದ್ಯಾರ್ಥಿಗಳು ಸೆಮಿಸ್ಟರಿಗೊಂದು ಆಟ ಮುಗಿಸುತ್ತಾರೆಯೇ? ಚಿತ್ರದವರೂ ಕೋಡಿನವರೂ ಒಂದೇ ತಂಡದಲ್ಲಿ ದುಡಿಯುತ್ತಾರೆಯೇ? ಉತ್ತರ ಸಿಗದ ಕಡೆ ಹಣ ಕಟ್ಟಬೇಡಿ.

ಇಂಥ ಅಂಗಡಿಗಳ ಬಾಯಿಗೆ ಮಕ್ಕಳು ಬೀಳದಿರಬೇಕಾದರೆ ನಮ್ಮೂರಿನ ಕಾಲೇಜು ಮುಂದೆ ಬರಬೇಕು. 1963ರಿಂದ ಕುಂದಾಪುರದಲ್ಲಿರುವ ಭಂಡಾರ್ಕಾರ್ಸ್ ಕಾಲೇಜು, ಬ್ರಹ್ಮಾವರದ ಕ್ರಾಸ್‌ಲ್ಯಾಂಡ್ ಕಾಲೇಜು, ಬೈಂದೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇವೆಲ್ಲ ಸಾಲ ಮಾಡಲಾಗದ ಮನೆಯ ಮಕ್ಕಳು ಓದುವ ಜಾಗಗಳು. ಮಗಳನ್ನು ಪುಣೆಗೆ ಕಳಿಸಲು ಒಪ್ಪದ ಅಪ್ಪ ಬಸ್ಸಿನಲ್ಲಿ ಹೋಗಿ ಸಂಜೆ ಬರುವ ಕಾಲೇಜಿಗೆ ಒಪ್ಪುತ್ತಾನೆ. ಇಲ್ಲಿ ಕೋರ್ಸು ಬಂದರೆ ಮೊದಲು ಅನುಕೂಲ ಆಗುವುದು ಹೆಣ್ಣುಮಕ್ಕಳಿಗೆ. ಪಾಠ ಮಾಡಲು ಪಿಎಚ್‌ಡಿ ಆದವರು ಸಿಗುವುದಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ಕಸುಬಿನಲ್ಲಿ ಪಳಗಿದವರನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ತರಗತಿಗೆ ಕರೆತರಲು ಯುಜಿಸಿ 2022ರಲ್ಲೇ ಅವಕಾಶ ಕೊಟ್ಟಿದೆ. ಗೊಡೊ ಎಂಜಿನ್, ಮೂರು ಆಯಾಮದ ರೂಪ ಕಟ್ಟುವ ಬ್ಲೆಂಡರ್ ಎರಡೂ ಪುಕ್ಕಟೆ, ಇದ್ದ ಕಂಪ್ಯೂಟರ್ ಲ್ಯಾಬಿನಲ್ಲೇ ಆರಂಭ ಮಾಡಬಹುದು.

ಮಂಗಳೂರು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ ಬರುವ ವರ್ಷದ ಪಠ್ಯದಲ್ಲಿ ಗೇಮ್ ಡೆವಲಪ್‌ಮೆಂಟನ್ನು ಐಚ್ಛಿಕ ವಿಷಯವಾಗಿ ಸೇರಿಸಲಿ. ಬಿಸಿಎಯವರಿಗೆ ಮಾತ್ರವೆಂದು ಬೇಲಿ ಹಾಕದೆ ಬಿಎ, ಬಿಕಾಂ ಮಕ್ಕಳಿಗೂ ತೆರೆದಿಡಲಿ. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ತಂಡವೂ ಚೆನ್ನೆಮಣೆಯನ್ನು ಪರದೆಗೆ ತರಲಿ, ಸೂಚನೆಗಳೆಲ್ಲ ಒತ್ತಕ್ಷರ ಕೆಡದ ಕನ್ನಡದಲ್ಲಿರಲಿ. ಪರೀಕ್ಷೆಯ ದಿನ ಊರಿನ ಹೈಸ್ಕೂಲು ಮಕ್ಕಳನ್ನು ಲ್ಯಾಬಿಗೆ ಕರೆದು ಆಡಲು ಬಿಡಲಿ. ಅವರು ಎಲ್ಲಿ ತಡವರಿಸಿದರು, ಎಲ್ಲಿ ಬೇಸರಪಟ್ಟು ಎದ್ದರು ಎಂಬುದನ್ನು ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಬರೆದುಕೊಳ್ಳಲಿ. ಅರ್ಧ ಅಂಕ ಆ ಟಿಪ್ಪಣಿಗೆ, ಅದನ್ನು ನೋಡಿ ತಿದ್ದಿದ ಆಟಕ್ಕೆ ಉಳಿದರ್ಧ.